ನಾಲ್ಕು ಟ್ರ್ಯಾಕ್‌ಗಳ ಊರು: ಡುನೆಡಿನ್‌ನ ರಾಕ್ ಸಂಗೀತ ಮತ್ತು ಅದರ ಅಭಿಮಾನಿಗಳು

ಆಲ್ಟರ್ನೇಟಿವ್ ರಾಕ್ ಎಂದು ಇಂದು ಕರೆಯಲಾಗುವ ಸಂಗೀತದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಲಂಡನ್, ಮ್ಯಾಂಚೆಸ್ಟರ್, ನ್ಯೂಯಾರ್ಕ್, ಸಿಯಾಟಲ್ ನಗರಗಳನ್ನೇ ಕೇಂದ್ರವಾಗಿಟ್ಟುಕೊಂಡಿದ್ದಾರೆ. 1970ರ ದಶಕದ ಉತ್ತರಾರ್ಧದಲ್ಲಿ ಪಂಕ್ ಎಂಬ ಒರಟಾದ, ವೇಗದ, ವಾದನಕೌಶಲಕ್ಕಿಂತ ಹುಮ್ಮಸ್ಸಿಗೆ ಬೆಲೆ ಕೊಡುವ ರಾಕ್ ಪ್ರಕಾರ ಹುಟ್ಟಿಕೊಂಡ ಮೇಲೆ, ದೊಡ್ಡ ರೆಕಾರ್ಡ್ ಕಂಪನಿಗಳ ಬಂಡವಾಳಕ್ಕೂ ವಾಣಿಜ್ಯ ರೇಡಿಯೋದ ಅಭಿರುಚಿಗೂ ಹೊರಗೆ ನಿಂತು ಬೆಳೆದ ಗಿಟಾರ್ ಪ್ರಧಾನ ಸಂಗೀತವೆಲ್ಲ ಈ ಹೆಸರಿನಡಿ ಸೇರುತ್ತದೆ. ಆ ಸಂಗೀತದ ಒಂದು ಮುಖ್ಯ ಕವಲು ಈ ಯಾವ ಮಹಾನಗರದಲ್ಲೂ ಹುಟ್ಟದೆ, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಕೆಳಭಾಗದಲ್ಲಿರುವ, ಆಗ ಒಂದು ಲಕ್ಷಕ್ಕೆ ತುಸು ಹೆಚ್ಚು ಜನಸಂಖ್ಯೆಯಿದ್ದ ಡುನೆಡಿನ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿತು. 1848ರಲ್ಲಿ ಸ್ಕಾಟ್ಲೆಂಡಿನ ವಲಸಿಗರು ಕಟ್ಟಿದ, ದೇಶದ ಅತಿ ಹಳೆಯ ವಿಶ್ವವಿದ್ಯಾಲಯವಿರುವ ಈ ಊರು ಕನ್ನಡ ಓದುಗರಿಗೆ ಪರಿಚಿತವಾಗಿರುವುದು ಕ್ರಿಕೆಟ್ಟಿನ ಮೂಲಕ. 1968ರ ಫೆಬ್ರುವರಿಯಲ್ಲಿ ಭಾರತ ತಂಡ ವಿದೇಶಿ ನೆಲದಲ್ಲಿ ತನ್ನ ಮೊಟ್ಟಮೊದಲ ಟೆಸ್ಟ್ ಗೆಲುವು ಪಡೆದದ್ದು ಇಲ್ಲಿಯ ಕ್ಯಾರಿಸ್‌ಬ್ರೂಕ್ ಮೈದಾನದಲ್ಲಿ, ಮತ್ತು ಆ ಪಂದ್ಯದ ಎರಡನೆಯ ಇನಿಂಗ್ಸ್‌ನಲ್ಲಿ ಆರು ವಿಕೆಟ್ ಕಿತ್ತವರು ಕರ್ನಾಟಕದ ಇ.ಎ.ಎಸ್. ಪ್ರಸನ್ನ. ಅದಾದ ಹತ್ತು ಹನ್ನೆರಡು ವರ್ಷಗಳಲ್ಲಿ ಅದೇ ಊರಿನ ಪಬ್ಬುಗಳಲ್ಲೂ ಬಾಡಿಗೆ ಸಭಾಂಗಣಗಳಲ್ಲೂ ನಡೆದದ್ದು ಮಾತ್ರ ಬಹುಕಾಲ ಊರಾಚೆಗೆ ಸರಿಯಾಗಿ ತಿಳಿಯಲಿಲ್ಲ.

ಅಂದಿನ ನ್ಯೂಜಿಲೆಂಡಿನ ಆರ್ಥಿಕ ಸ್ಥಿತಿಯನ್ನು ಗಮನಿಸದೆ ಈ ಸಂಗೀತದ ಸ್ವರೂಪ ಅರ್ಥವಾಗುವುದು ಕಷ್ಟ. ಸುಮಾರು 31 ಲಕ್ಷ ಜನರ ಆ ದೇಶದಲ್ಲಿ ಆಮದಿಗೆ ಪರವಾನಗಿಯ ಕಟ್ಟುಪಾಡುಗಳಿದ್ದವು. ಹೊರದೇಶದ ಗಿಟಾರು, ಆಂಪ್ಲಿಫೈಯರುಗಳು ವಿದ್ಯಾರ್ಥಿಗಳ ಕೈಗೆಟುಕದಷ್ಟು ದುಬಾರಿಯಾಗಿದ್ದವು. 1970ರ ದಶಕದ ಮಧ್ಯಭಾಗದಿಂದ ಧ್ವನಿಮುದ್ರಿಕೆಗಳ ಮೇಲೆ ಶೇ. 40ರಷ್ಟು ಮಾರಾಟ ತೆರಿಗೆ ಬಿದ್ದಿತ್ತು. ಪುಸ್ತಕಕ್ಕೆ ಸಲ್ಲುವ ಮನ್ನಣೆ ರೆಕಾರ್ಡಿಗೆ ಸಲ್ಲದು ಎಂಬ ಸರ್ಕಾರದ ಧೋರಣೆ ಅದರ ಹಿಂದಿತ್ತು. ವಾಣಿಜ್ಯ ರೇಡಿಯೋ ಕೇಂದ್ರಗಳು ಅಮೆರಿಕ, ಬ್ರಿಟನ್ನುಗಳ ಜನಪ್ರಿಯ ಹಾಡುಗಳನ್ನು ಬಿಟ್ಟು ಬೇರೆಯದನ್ನು ಹಾಕುತ್ತಿದ್ದುದು ಅಪರೂಪ. ಹೊಸ ರೆಕಾರ್ಡುಗಳು ಡುನೆಡಿನ್‌ಗೆ ತಡವಾಗಿ, ಕೆಲವೇ ಪ್ರತಿಗಳಲ್ಲಿ ಬರುತ್ತಿದ್ದವಾದ್ದರಿಂದ, ಒಬ್ಬನ ಬಳಿ ಇದ್ದದ್ದು ಸ್ನೇಹವಲಯಕ್ಕೆಲ್ಲ ಸೇರಿದ್ದಾಗುತ್ತಿತ್ತು. ವೆಲ್ವೆಟ್ ಅಂಡರ್‌ಗ್ರೌಂಡ್‌ನಂತಹ, ತಮ್ಮ ದೇಶದಲ್ಲೇ ಮಾರಾಟವಾಗದೆ ಹೋಗಿದ್ದ 1960ರ ದಶಕದ ತಂಡಗಳನ್ನು ಇಲ್ಲಿನ ಯುವಕರು ಹೀಗೆ ಹಂಚಿಕೊಂಡು ಮತ್ತೆ ಮತ್ತೆ ಕೇಳಿದರು. ಮುಂದೆ ಜಗತ್ತಿನಾದ್ಯಂತ ಅಭಿಮಾನಿಗಳನ್ನು ಪಡೆದ ಈ ತಂಡಗಳ ಸದಸ್ಯರು ಮೊದಲು ತಾವೇ ಇತರರು ಕಡೆಗಣಿಸಿದ ಸಂಗೀತದ ಅಭಿಮಾನಿಗಳಾಗಿದ್ದರು ಎಂಬುದನ್ನು ಈ ಚರಿತ್ರೆಯುದ್ದಕ್ಕೂ ನೆನಪಿನಲ್ಲಿಡಬೇಕಾಗುತ್ತದೆ.

ಊರಿನ ಮೊದಲ ಪಂಕ್ ತಂಡವಾದ 'ದಿ ಎನಿಮಿ'ಯನ್ನು 1977ರಲ್ಲಿ ಕ್ರಿಸ್ ನಾಕ್ಸ್, ಅಲೆಕ್ ಬಾತ್‌ಗೇಟ್ ಮತ್ತು ಗೆಳೆಯರು ಕಟ್ಟಿದರು. ವೇದಿಕೆಯ ಮೇಲೆ ತನ್ನ ಮೈಯನ್ನೇ ಗಾಯಗೊಳಿಸಿಕೊಳ್ಳುತ್ತಿದ್ದ ನಾಕ್ಸ್‌ನ ಉಗ್ರ ಪ್ರದರ್ಶನಗಳು ಕೆಲವರಿಗೆ ಅಸಹ್ಯವಾದರೆ, ಇನ್ನು ಕೆಲವು ಶಾಲಾ ಹುಡುಗರಿಗೆ ತಾವೂ ಹಾಡು ಕಟ್ಟಬಹುದೆಂಬ ಧೈರ್ಯ ಕೊಟ್ಟವು. ಈ ತಂಡವೇ ರೂಪ ಬದಲಿಸಿ 'ಟಾಯ್ ಲವ್' ಎಂಬ ಹೆಸರಿನಲ್ಲಿ ಉತ್ತರಕ್ಕೆ ಹೋಗಿ, ದೊಡ್ಡ ಕಂಪನಿಯೊಂದರ ಒಪ್ಪಂದ ಪಡೆದು, 1980ರಲ್ಲಿ ಸಿಡ್ನಿಯ ಸ್ಟುಡಿಯೋದಲ್ಲಿ ಒಂದು ಆಲ್ಬಂ ಮುದ್ರಿಸಿತು. ಬಂದ ಫಲಿತಾಂಶ ತಂಡಕ್ಕೆ ಹಿಡಿಸಲಿಲ್ಲ: ವೇದಿಕೆಯ ಮೇಲೆ ಗುಡುಗುತ್ತಿದ್ದ ಹಾಡುಗಳು ರೆಕಾರ್ಡಿನಲ್ಲಿ ತೆಳ್ಳಗೆ, ನಿಸ್ತೇಜವಾಗಿ ಕೇಳಿಸಿದವು. ಆ ವರ್ಷವೇ ತಂಡ ಒಡೆಯಿತು. ದುಬಾರಿ ಸ್ಟುಡಿಯೋ, ಸಂಬಳದ ಎಂಜಿನಿಯರು, ಕಂಪನಿಯ ಸಲಹೆಗಾರರು, ಈ ಮೂರರಲ್ಲಿ ಯಾವುದನ್ನೂ ನಂಬಬಾರದೆಂದು ನಾಕ್ಸ್ ಅಲ್ಲಿಂದ ತೀರ್ಮಾನಿಸಿದಂತೆ ತೋರುತ್ತದೆ. ಮುಂದಿನ ದಶಕದ ನ್ಯೂಜಿಲೆಂಡ್ ರಾಕ್ ಸಂಗೀತದ ದಿಕ್ಕನ್ನು ನಿರ್ಧರಿಸಿದ್ದರಲ್ಲಿ ಈ ಒಂದು ಕಹಿಯ ಪಾಲು ದೊಡ್ಡದು.

ಆ ತೀರ್ಮಾನದ ಭೌತಿಕ ರೂಪವೆಂದರೆ ನಾಕ್ಸ್ ಬಳಿ ಇದ್ದ ಟಿಯಾಕ್ ಕಂಪನಿಯ ನಾಲ್ಕು ಟ್ರ್ಯಾಕ್‌ಗಳ ಟೇಪ್ ರೆಕಾರ್ಡರ್. ಕಾಲಂಗುಲ ಅಗಲದ ಕಾಂತೀಯ ಟೇಪನ್ನು ಉದ್ದಕ್ಕೆ ನಾಲ್ಕು ಪಟ್ಟಿಗಳಾಗಿ ಬಳಸುವ ಈ ಯಂತ್ರದಲ್ಲಿ ಒಂದು ಪಟ್ಟಿಗೆ ಡ್ರಮ್, ಇನ್ನೊಂದಕ್ಕೆ ಗಿಟಾರ್, ಮತ್ತೊಂದಕ್ಕೆ ಗಾಯನ, ಹೀಗೆ ಬೇರೆಬೇರೆ ಹೊತ್ತಿನಲ್ಲಿ ಮುದ್ರಿಸಿ ಕೊನೆಗೆ ಒಟ್ಟಿಗೆ ಬೆರೆಸಬಹುದಾಗಿತ್ತು. ಅದೇ ಕಾಲದ ದೊಡ್ಡ ಸ್ಟುಡಿಯೋಗಳಲ್ಲಿ ಇಪ್ಪತ್ತನಾಲ್ಕು ಪಟ್ಟಿಗಳಿದ್ದವು. ನಾಲ್ಕಕ್ಕಿಂತ ಹೆಚ್ಚು ವಾದ್ಯಗಳು ಬೇಕೆನಿಸಿದರೆ, ಮುದ್ರಿತವಾದ ಮೂರು ಪಟ್ಟಿಗಳನ್ನು ಬೆರೆಸಿ ಇನ್ನೂ ಖಾಲಿಯಿರುವ ನಾಲ್ಕನೆಯದಕ್ಕೆ ನಕಲಿಸಿ, ಖಾಲಿಯಾದ ಮೂರನ್ನು ಮತ್ತೆ ಬಳಸಬೇಕು. ಒಮ್ಮೆ ನಕಲಿಸಿದ ಮೇಲೆ ಡ್ರಮ್ಮಿನ ಸದ್ದನ್ನು ತಗ್ಗಿಸುವ, ಗಿಟಾರಿನದನ್ನು ಏರಿಸುವ ಅವಕಾಶ ಉಳಿಯದು, ಮತ್ತು ಪ್ರತಿ ನಕಲಿಗೂ ಟೇಪಿನ ಹಿನ್ನೆಲೆಯ 'ಸ್ಸ್' ಸದ್ದು ಒಂದು ಪದರ ಹೆಚ್ಚುತ್ತದೆ. ನಾಕ್ಸ್ ಮತ್ತು ಬಾತ್‌ಗೇಟ್ 1981ರಲ್ಲಿ ಆರಂಭಿಸಿದ 'ಟಾಲ್ ಡ್ವಾರ್ಫ್ಸ್' ಎಂಬ ಇಬ್ಬರ ತಂಡದಲ್ಲಿ ಡ್ರಮ್ ಬಾರಿಸುವವರೇ ಇರಲಿಲ್ಲ. ಚಪ್ಪಾಳೆಯನ್ನೋ ಮನೆಯ ಯಾವುದೋ ವಸ್ತುವನ್ನು ತಟ್ಟಿದ ಸದ್ದನ್ನೋ ಮುದ್ರಿಸಿಕೊಂಡು, ಟೇಪಿನ ಆ ತುಂಡನ್ನು ಬ್ಲೇಡಿನಿಂದ ಕತ್ತರಿಸಿ, ಎರಡು ತುದಿಗಳನ್ನು ಅಂಟಿಸಿ ಬಳೆಯಂತೆ ಮಾಡಿ, ಯಂತ್ರದಲ್ಲಿ ಸುತ್ತಲು ಬಿಟ್ಟರೆ ಅದೇ ಹಾಡಿನ ಲಯವಾಗುತ್ತಿತ್ತು. ಲೂಪ್ ಎಂದು ಕರೆಯುವ ಈ ತಂತ್ರವನ್ನು ಯುರೋಪಿನ ಪ್ರಯೋಗಶಾಲೆಗಳ ಸಂಗೀತಕಾರರು ದಶಕಗಳ ಹಿಂದೆಯೇ ಬಳಸಿದ್ದರು. ನಗುವೂ ಸಿಡುಕೂ ಬೆರೆತ ಮೂರು ನಿಮಿಷದ ಹಾಡುಗಳಿಗೆ ಅದನ್ನು ಇಷ್ಟು ಸಲೀಸಾಗಿ ಒಗ್ಗಿಸಿಕೊಂಡವರು ವಿರಳ.

ಯಂತ್ರವಿದ್ದರೆ ಸಾಲದು, ಮುದ್ರಿಸಿದ್ದನ್ನು ಹಂಚುವವರೂ ಬೇಕು. ಕ್ರೈಸ್ಟ್‌ಚರ್ಚ್ ನಗರದಲ್ಲಿ ರೆಕಾರ್ಡ್ ಅಂಗಡಿಯೊಂದನ್ನು ನೋಡಿಕೊಳ್ಳುತ್ತಿದ್ದ ರೋಜರ್ ಶೆಫರ್ಡ್ ತನಗೆ ಮೆಚ್ಚಿಕೆಯಾದ ಸ್ಥಳೀಯ ತಂಡಗಳು ದಾಖಲೆಯಾಗದೆ ಕರಗಿಹೋಗುತ್ತಿರುವುದನ್ನು ಕಂಡು 1981ರಲ್ಲಿ 'ಫ್ಲೈಯಿಂಗ್ ನನ್' ಎಂಬ ಸ್ವತಂತ್ರ ಲೇಬಲ್ ಶುರುಮಾಡಿದ. ಲೇಬಲ್ ಎಂದರೆ ಧ್ವನಿಮುದ್ರಿಕೆಯನ್ನು ಹೊರತಂದು ಮಾರುವ ಪ್ರಕಾಶನ ಸಂಸ್ಥೆ. ದೊಡ್ಡ ಕಂಪನಿಗಳ ಅಂಕೆಯಲ್ಲಿಲ್ಲದ್ದು ಸ್ವತಂತ್ರ ಲೇಬಲ್. ಹೆಸರು ಬಂದದ್ದು 1960ರ ದಶಕದ ಒಂದು ಅಮೆರಿಕನ್ ಟೆಲಿವಿಷನ್ ಹಾಸ್ಯ ಧಾರಾವಾಹಿಯಿಂದ. ಆತನಲ್ಲಿ ವ್ಯಾಪಾರದ ಯೋಜನೆಯಾಗಲಿ ಬಂಡವಾಳವಾಗಲಿ ಇರಲಿಲ್ಲ. ಇದ್ದದ್ದು ಅಂಗಡಿಯ ಗಲ್ಲಾದ ಹಿಂದೆ ನಿಂತು ಬೆಳೆಸಿಕೊಂಡ ಕಿವಿ. ಕ್ರೈಸ್ಟ್‌ಚರ್ಚಿನದೇ ತಂಡವಾದ 'ದಿ ಪಿನ್ ಗ್ರೂಪ್'ನ ಒಂದು ಸಿಂಗಲ್‌ನ (ಒಂದೆರಡು ಹಾಡುಗಳ ಪುಟ್ಟ ರೆಕಾರ್ಡಿನ) ನಂತರ ಲೇಬಲ್ ಹೊರತಂದ ಎರಡನೆಯ ರೆಕಾರ್ಡ್, ಡುನೆಡಿನ್‌ನ 'ದಿ ಕ್ಲೀನ್' ತಂಡದ 'ಟ್ಯಾಲಿ ಹೋ!'. ಹ್ಯಾಮಿಷ್ ಮತ್ತು ಡೇವಿಡ್ ಕಿಲ್ಗೋರ್ ಸಹೋದರರು ಹಾಗೂ ರಾಬರ್ಟ್ ಸ್ಕಾಟ್ ಇದ್ದ ಆ ತಂಡ ಸುಮಾರು ಐವತ್ತು ಡಾಲರ್ ಖರ್ಚಿನಲ್ಲಿ ಹಾಡನ್ನು ಮುದ್ರಿಸಿತು. ಅದರಲ್ಲಿ ಕೀಚಲಾಗಿ ಕುಣಿಯುವ ಆರ್ಗನ್ನನ್ನು ನುಡಿಸಿದವನು 'ದಿ ಚಿಲ್ಸ್' ತಂಡದ ತರುಣ ಮಾರ್ಟಿನ್ ಫಿಲಿಪ್ಸ್. ವಾಣಿಜ್ಯ ರೇಡಿಯೋದ ಹಂಗಿಲ್ಲದೆ, ಅಂಗಡಿಗಳ ಮಾರಾಟದ ಬಲದಿಂದಲೇ ಆ ಸಿಂಗಲ್ ರಾಷ್ಟ್ರೀಯ ಪಟ್ಟಿಯಲ್ಲಿ 19ನೆಯ ಸ್ಥಾನ ಮುಟ್ಟಿತು.

ಅದೇ ವರ್ಷ ನಾಕ್ಸ್ ಮತ್ತು ಆತನ ಗೆಳೆಯ ಡಗ್ ಹುಡ್ ಆ ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ಕ್ಲೀನ್ ತಂಡದ 'ಬೂಡಲ್ ಬೂಡಲ್ ಬೂಡಲ್' ಎಂಬ ಇಪಿಯನ್ನು ಮುದ್ರಿಸಿದರು. ಸಿಂಗಲ್‌ಗಿಂತ ಉದ್ದ, ಆಲ್ಬಮಿಗಿಂತ ಗಿಡ್ಡವಾದ, ನಾಲ್ಕೈದು ಹಾಡುಗಳ ರೆಕಾರ್ಡಿಗೆ ಇಪಿ ಎನ್ನುತ್ತಾರೆ; ಅಗ್ಗವಾದ್ದರಿಂದ ಈ ಲೇಬಲಿಗೆ ಅದೇ ಪ್ರಿಯವಾದ ಅಳತೆಯಾಯಿತು. ಈ ಇಪಿ ರಾಷ್ಟ್ರೀಯ ಪಟ್ಟಿಯ ಮೊದಲ ಐದರೊಳಗೆ ಏರಿ, ತಿಂಗಳುಗಟ್ಟಲೆ ಪಟ್ಟಿಯಲ್ಲಿ ಉಳಿಯಿತು. ಅದರ 'ಪಾಯಿಂಟ್ ದಟ್ ಥಿಂಗ್ ಸಮ್‌ವೇರ್ ಎಲ್ಸ್' ಎಂಬ ಹಾಡಿನಲ್ಲಿ ಗಿಟಾರು ತಂಬೂರಿಯ ಶ್ರುತಿಯ ಹಾಗೆ ಒಂದೇ ಸ್ವರಾಧಾರವನ್ನು ಹಿಡಿದು ಮೊರೆಯುತ್ತ, ಅದರ ಮೇಲೆ ಡ್ರಮ್ಮು ನಿಲ್ಲದೆ ಓಡುತ್ತದೆ. ಡ್ರೋನ್ ಎಂದು ಕರೆಯಲಾಗುವ ಈ ಗುಣ ಮುಂದೆ ಹಲವು ದೇಶಗಳ ತಂಡಗಳಿಗೆ ಮಾದರಿಯಾಯಿತು. ಕೀರ್ತಿ ಏರುತ್ತಿದ್ದ ಹೊತ್ತಿಗೆ, 1982ರಲ್ಲಿ, ಕ್ಲೀನ್ ತಂಡ ತಾನಾಗಿ ಚದುರಿತು. ಗೆಲುವನ್ನು ಹೀಗೆ ಕೈಬಿಡುವುದು ಈ ವಲಯದಲ್ಲಿ ಮತ್ತೆ ಮತ್ತೆ ಕಾಣುವ ನಡೆ; ಅದನ್ನು ವೈರಾಗ್ಯವೆಂದು ಹೊಗಳುವವರಿದ್ದಾರೆ, ಆದರೆ ಅದರಲ್ಲಿ ದಣಿವಿನ ಪಾಲೂ ಇದ್ದಿರಬೇಕು.

1982ರಲ್ಲಿ ಬಂದ 'ಡುನೆಡಿನ್ ಡಬಲ್' ಎಂಬ ಎರಡು ತಟ್ಟೆಗಳ ಇಪಿ ಚಿಲ್ಸ್, ಸ್ನೀಕಿ ಫೀಲಿಂಗ್ಸ್, ಸ್ಟೋನ್ಸ್, ವರ್ಲೇನ್ಸ್ ಎಂಬ ನಾಲ್ಕು ತಂಡಗಳಿಗೆ ತಲಾ ಒಂದು ಬದಿಯನ್ನು ಕೊಟ್ಟು ಹೊರಟಿತು, ಮತ್ತು ಅಲ್ಲಿಂದ ಮುಂದೆ 'ಡುನೆಡಿನ್ ಸೌಂಡ್' ಎಂಬ ಮಾತು ಚಲಾವಣೆಗೆ ಬಂದಿತು. ಪತ್ರಕರ್ತರಿಗೆ ಅನುಕೂಲವಾದ ಈ ಮಾತು ವಸ್ತುಸ್ಥಿತಿಯನ್ನು ಮರೆಮಾಡಿದ್ದೇ ಹೆಚ್ಚು. ತಂತಿಗಳು ಘಲಘಲಿಸುವ ಗಿಟಾರು, ಹಿಂದೆ ಹುದುಗಿದ ಗಾಯನ, ಮಸುಕಾದ ಮುದ್ರಣ ಇವು ಮೇಲ್ನೋಟದ ಹೋಲಿಕೆಗಳು. ವರ್ಲೇನ್ಸ್‌ನ ಗ್ರೇಮ್ ಡೌನ್ಸ್ ಸಿಂಫನಿ ಸಂಗೀತದ ವಿದ್ಯಾರ್ಥಿ. ಮುಂದೆ ಸಿಂಫನಿಕಾರ ಗುಸ್ತಾವ್ ಮಾಹ್ಲರ್ ಕುರಿತು ಡಾಕ್ಟರೇಟ್ ಪಡೆದು ಊರಿನದೇ ಆದ ಒಟಾಗೊ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾದ ಆತನ ಹಾಡುಗಳಲ್ಲಿ ತಾಳ ನಡುವೆಯೇ ಬದಲಾಗುತ್ತದೆ, ಸ್ವರಸಂಯೋಜನೆ ರಾಕ್‌ನ ರೂಢಿಯನ್ನು ಮೀರುತ್ತದೆ. ಸ್ನೀಕಿ ಫೀಲಿಂಗ್ಸ್‌ನವರು ಮಧುರ ಗಾಯನದ ಆರಾಧಕರು. ಮುಂದೆ ಬಂದ, ಐವರು ಮಹಿಳೆಯರ 'ಲುಕ್ ಬ್ಲೂ ಗೋ ಪರ್ಪಲ್' ತಂಡದಲ್ಲಿ ಕೊಳಲೂ ಸೇರಿಕೊಂಡು, ಹಲವು ಕಂಠಗಳು ಹೆಣೆದುಕೊಂಡು ಬೇರೆಯದೇ ಬಣ್ಣ ಮೂಡಿತು. 1985ರಿಂದ 1987ರೊಳಗೆ ಮೂರೇ ಇಪಿಗಳನ್ನು ಹೊರತಂದ ಈ ತಂಡ, ಗಂಡಸರ ತಂಡಗಳನ್ನೇ ನಾಯಕರನ್ನಾಗಿಸಿದ ಚರಿತ್ರೆಗಳಲ್ಲಿ ಅಡಿಟಿಪ್ಪಣಿಯಾಗಿ ಉಳಿದದ್ದು ಅನ್ಯಾಯ. ಅದರ ಡ್ರಮ್ ವಾದಕಿ ಲೆಸ್ಲಿ ಪ್ಯಾರಿಸ್ 1990ರ ದಶಕದಲ್ಲಿ ಫ್ಲೈಯಿಂಗ್ ನನ್ ಲೇಬಲನ್ನೇ ನಡೆಸಿದಳೆಂಬ ಸಂಗತಿಯನ್ನೂ ಹಲವರು ಗಮನಿಸಿಲ್ಲ.

ಈ ಹಾಡುಗಳ ವಿಡಿಯೋಗಳದ್ದು ಪ್ರತ್ಯೇಕವಾಗಿ ಹೇಳಬೇಕಾದ ಚರಿತ್ರೆ. 1989ರ ಕೊನೆಗೆ ಮೂರನೆಯ ಚಾನೆಲ್ ಬರುವವರೆಗೆ ನ್ಯೂಜಿಲೆಂಡಿನಲ್ಲಿ ಇದ್ದದ್ದು ಸಾರ್ವಜನಿಕ ಒಡೆತನದ ಎರಡೇ ಟೆಲಿವಿಷನ್ ಚಾನೆಲ್‌ಗಳು, ಮತ್ತು ಹೊಸ ರಾಕ್ ಸಂಗೀತಕ್ಕೆ ಮೀಸಲಾಗಿದ್ದದ್ದು 'ರೇಡಿಯೋ ವಿತ್ ಪಿಕ್ಚರ್ಸ್' ಎಂಬ ತಡರಾತ್ರಿಯ ಕಾರ್ಯಕ್ರಮ. 1980ರ ದಶಕದ ಮೊದಲರ್ಧದಲ್ಲಿ ಅದನ್ನು ನಿರೂಪಿಸುತ್ತಿದ್ದ ಕ್ಯಾರಿನ್ ಹೇ, ಬಿಬಿಸಿ ಶೈಲಿಯ ಉಚ್ಚಾರಣೆಗೆ ಒಗ್ಗಿದ್ದ ವೀಕ್ಷಕರಿಗೆ ತನ್ನ ಅಪ್ಪಟ ಸ್ಥಳೀಯ ಮಾತಿನ ಧಾಟಿಯಿಂದಲೇ ಕಿರಿಕಿರಿ ಉಂಟುಮಾಡಿ ದೂರುಗಳನ್ನು ತರಿಸಿಕೊಂಡಳು. ವಿಡಿಯೋ ಮಾಡಿಸುವ ಹಣ ತಂಡಗಳಲ್ಲಿರಲಿಲ್ಲವಾದ್ದರಿಂದ ಹಲವು ವಿಡಿಯೋಗಳನ್ನು ಟೆಲಿವಿಷನ್ ಸಂಸ್ಥೆಯವರೇ ತಮ್ಮ ಕ್ಯಾಮೆರಾಗಳಿಂದ ತೆಗೆದುಕೊಟ್ಟರು. ಉಳಿದವು ಮನೆಯಲ್ಲಿ ತಯಾರಾದವು. ಟಾಲ್ ಡ್ವಾರ್ಫ್ಸ್‌ನ 'ನಥಿಂಗ್ಸ್ ಗೋಯಿಂಗ್ ಟು ಹ್ಯಾಪನ್' ಹಾಡಿಗೆ ಸ್ಟಾಪ್ ಮೋಷನ್ ವಿಧಾನ ಬಳಕೆಯಾಯಿತು, ಅಂದರೆ ನಿರ್ಜೀವ ವಸ್ತುವನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ ತೆಗೆದು, ಎಲ್ಲವನ್ನೂ ಓಡಿಸಿದಾಗ ವಸ್ತು ತಾನೇ ಚಲಿಸುವಂತೆ ಕಾಣಿಸುವುದು. ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ಮೂರು ನಿಮಿಷದ ಹಾಡಿಗೆ 4,320 ಚಿತ್ರಗಳು ಬೇಕು. ಎರಡೆರಡು ಚೌಕಟ್ಟಿಗೆ ಒಂದೇ ಭಂಗಿಯನ್ನು ಬಳಸಿ ಉಳಿಸಿದರೂ ಎರಡು ಸಾವಿರಕ್ಕೂ ಮಿಕ್ಕಿ. ಹಣದ ಬದಲು ಹೊತ್ತು ಮತ್ತು ತಾಳ್ಮೆಯನ್ನು ಖರ್ಚು ಮಾಡುವ ಈ ಕೆಲಸ ನಾಕ್ಸ್‌ನ ಸ್ವಭಾವಕ್ಕೆ ಒಪ್ಪಿತು. ವ್ಯಂಗ್ಯಚಿತ್ರಕಾರನೂ ಆಗಿದ್ದ ಆತ ಫಿಲ್ಮಿನ ಮೇಲೆಯೇ ಗೀಚಿ ಬರೆದು ಚಲಿಸುವ ಚಿತ್ರ ಮೂಡಿಸುವುದನ್ನೂ ಮಾಡಿದ. ಅದೇ ಕಾಲದಲ್ಲಿ ಅಮೆರಿಕದ ಎಂಟಿವಿಗೆಂದು ದೊಡ್ಡ ಮೊತ್ತ ಸುರಿದು ಮಾಡಿದ ಅನೇಕ ವಿಡಿಯೋಗಳು ಇಂದು ಆ ದಶಕದ ಕೇಶವಿನ್ಯಾಸದ ದಾಖಲೆಗಳಾಗಿ ಮಾತ್ರ ಉಳಿದಿರುವಾಗ, ಕೈಬೆರಳಿನ ಗುರುತು ಕಾಣುವ ಈ ಚಿಕ್ಕ ಚಿತ್ರಗಳು ಹಳಸಿಲ್ಲ.

ಆ ಕಾಲದ ಹಾಡುಗಳಲ್ಲಿ ಚಿಲ್ಸ್ ತಂಡದ 'ಪಿಂಕ್ ಫ್ರಾಸ್ಟ್' ಉಳಿದೆಲ್ಲಕ್ಕಿಂತ ಭಿನ್ನ. 1982ರಲ್ಲಿ ಮುದ್ರಣವಾದ ಈ ಹಾಡು ಹೊರಬಂದದ್ದು 1984ರಲ್ಲಿ; ನಡುವೆ, 1983ರ ಜುಲೈಯಲ್ಲಿ, ಅದರಲ್ಲಿ ಡ್ರಮ್ ನುಡಿಸಿದ್ದ ಮಾರ್ಟಿನ್ ಬುಲ್ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ಸಂಗಾತಿಯ ಸಾವನ್ನು ಕಂಡು ತಲ್ಲಣಿಸುವವನ ಪಿಸುಮಾತಿನಂತಿರುವ ಹಾಡನ್ನು ಫಿಲಿಪ್ಸ್ ರಚಿಸಿದ್ದು ಗೆಳೆಯನ ಮರಣಕ್ಕೆ ಮುಂಚೆಯೇ ಆದರೂ, ಕೇಳುಗರು ಅದನ್ನು ಆ ಸಾವಿನಿಂದ ಬೇರ್ಪಡಿಸಿ ಕೇಳಲಾರದವರಾದರು. ಬುಲ್ ಬಿಟ್ಟುಹೋದ ಚರ್ಮದ ಜಾಕೆಟ್ಟಿನ ಮೇಲೆಯೇ ಫಿಲಿಪ್ಸ್ ಬರೆದ, 1986ರಲ್ಲಿ ಬಂದ 'ಐ ಲವ್ ಮೈ ಲೆದರ್ ಜಾಕೆಟ್' ಅದರ ಮುಂದುವರಿಕೆಯಂತಿದೆ, ಆದರೆ ಅದರ ಲಯದಲ್ಲಿ ಶೋಕಕ್ಕಿಂತ ಕೆಚ್ಚು ಹೆಚ್ಚು.

ಮೇಲೆ ಹೇಳಿದ ವಿಡಿಯೋಗಳು ಹೊರದೇಶದ ಅಭಿಮಾನಿಗಳಿಗೆ ಕಾಣದೆ ಉಳಿದದ್ದಕ್ಕೆ ಒಂದು ತಾಂತ್ರಿಕ ಕಾರಣವೂ ಇತ್ತು. ನ್ಯೂಜಿಲೆಂಡಿನ ಟೆಲಿವಿಷನ್, ಬ್ರಿಟನ್ ಮತ್ತು ಭಾರತಗಳಲ್ಲಿದ್ದಂತೆ, ಪಾಲ್ ಎಂಬ ಪ್ರಸಾರ ಪದ್ಧತಿಯದು. ಅಮೆರಿಕದ್ದು ಗೆರೆಗಳ ಸಂಖ್ಯೆಯಲ್ಲೂ ಚೌಕಟ್ಟುಗಳ ವೇಗದಲ್ಲೂ ಬೇರೆಯಾದ ಎನ್‌ಟಿಎಸ್‌ಸಿ ಪದ್ಧತಿ. ಒಂದರಲ್ಲಿ ಮುದ್ರಿಸಿದ ವಿಎಚ್‌ಎಸ್ ಕ್ಯಾಸೆಟ್ ಇನ್ನೊಂದು ದೇಶದ ಸಾಮಾನ್ಯ ಯಂತ್ರದಲ್ಲಿ ಓಡದು, ಪರಿವರ್ತಿಸುವ ಸಲಕರಣೆ ಮನೆಗಳಲ್ಲಿರುವಂಥದ್ದಲ್ಲ. ಹೀಗಾಗಿ ಅಮೆರಿಕದ ಅಭಿಮಾನಿಗಳು ಈ ತಂಡಗಳನ್ನು ಬಹುಕಾಲ ಕಿವಿಯಿಂದಷ್ಟೇ ಬಲ್ಲವರಾಗಿದ್ದರು. ಆ ಕಿವಿಗಳಿಗೆ ಹಾಡು ತಲುಪಿದ್ದು ಅಂಚೆಯ ಮೂಲಕ ತರಿಸಿದ ರೆಕಾರ್ಡುಗಳಿಂದ, ಕಾಲೇಜು ರೇಡಿಯೋಗಳಿಂದ, ನಕಲು ಮಾಡಿ ಕೈಯಿಂದ ಕೈಗೆ ದಾಟಿಸಿದ ಕ್ಯಾಸೆಟ್‌ಗಳಿಂದ, ಮತ್ತು ಹೋಮ್‌ಸ್ಟೆಡ್‌ನಂತಹ ಅಮೆರಿಕದ ಸಣ್ಣ ಲೇಬಲ್‌ಗಳು ಹೊರತಂದ ಆವೃತ್ತಿಗಳಿಂದ. ಬ್ರಿಟನ್ನಿನಲ್ಲಿ ಬಿಬಿಸಿಯ ರೇಡಿಯೋ ನಿರೂಪಕ ಜಾನ್ ಪೀಲ್ 1985ರಲ್ಲಿ ಚಿಲ್ಸ್ ತಂಡವನ್ನು ತನ್ನ ಕಾರ್ಯಕ್ರಮಕ್ಕೆಂದೇ ಮುದ್ರಿಸಿಕೊಂಡ. ಯೋ ಲಾ ಟೆಂಗೊ, ಪೇವ್‌ಮೆಂಟ್, ಸೂಪರ್‌ಚಂಕ್ ಮುಂತಾದ ಅಮೆರಿಕನ್ ತಂಡಗಳು ಕ್ಲೀನ್ ತಂಡದ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡಿವೆ. ಸೂಪರ್‌ಚಂಕ್‌ನ ಸದಸ್ಯರು ಸ್ಥಾಪಿಸಿದ ಮರ್ಜ್ ಲೇಬಲ್ ಮುಂದೆ ಕ್ಲೀನ್‌ನ ಹಾಡುಗಳ ಸಂಕಲನವನ್ನು ಅಮೆರಿಕದಲ್ಲಿ ಪ್ರಕಟಿಸಿತು.

ಈ ದೂರದ ಅಭಿಮಾನದಲ್ಲಿ ಒಂದು ತಪ್ಪು ತಿಳಿವಳಿಕೆಯೂ ಸೇರಿಕೊಂಡಿತ್ತು. ಮುದ್ರಣದ ಒರಟುತನವನ್ನೇ ಗುಣವೆಂದು ಕಾಣುವ ಲೋ-ಫೈ ಎಂಬ ಧೋರಣೆ 1990ರ ದಶಕದಲ್ಲಿ ಬಲವಾದಾಗ, ಡುನೆಡಿನ್‌ನ ತಂಡಗಳನ್ನೆಲ್ಲ ಅದರ ಮೂಲಪುರುಷರೆಂದು ಕರೆಯಲಾಯಿತು. ನಾಕ್ಸ್‌ಗೆ ಅದು ಒಪ್ಪುವ ಬಿರುದು, ಏಕೆಂದರೆ ಆತ ನಾಲ್ಕು ಟ್ರ್ಯಾಕುಗಳನ್ನು ಆಯ್ದುಕೊಂಡವನು. ಫಿಲಿಪ್ಸ್ ಮತ್ತು ಡೌನ್ಸ್‌ರ ವಿಷಯದಲ್ಲಿ ಅದು ಸಲ್ಲದು. ಅವರ ಮನಸ್ಸಿನಲ್ಲಿದ್ದದ್ದು ವಿಶಾಲವಾದ, ಪದರ ಪದರವಾದ ನಾದ, ಕೈಯಲ್ಲಿದ್ದದ್ದು ಸಣ್ಣ ಯಂತ್ರ. ಹಣ ಸಿಕ್ಕಾಗ ಫಿಲಿಪ್ಸ್ ಮಾಡಿದ್ದೇನೆಂಬುದು 1990ರ 'ಸಬ್‌ಮರೀನ್ ಬೆಲ್ಸ್' ಆಲ್ಬಮಿನಲ್ಲಿ ಕೇಳಿಸುತ್ತದೆ: ಸ್ವಚ್ಛ, ವಿಸ್ತಾರ, ವೈಭವ. ಅದು ನ್ಯೂಜಿಲೆಂಡಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಎರಡು ವರ್ಷಗಳಲ್ಲಿ, ಮುಂದಿನ ಆಲ್ಬಮಿನ ಪ್ರವಾಸದ ನಡುವೆ, ಅಮೆರಿಕದಲ್ಲಿ ಆ ತಂಡ ಒಡೆಯಿತು. ಬಡತನ ಈ ಸಂಗೀತವನ್ನು ಹುಟ್ಟಿಸಿತೆಂಬ ಮಾತು ಅರ್ಧಸತ್ಯ. ಎಷ್ಟೋ ಹಾಡುಗಳನ್ನು ಅದು ಹುಟ್ಟಗೊಡಲೂ ಇಲ್ಲ.

ಅಷ್ಟರಲ್ಲಿ ಪರಿಸ್ಥಿತಿಯೂ ಬದಲಾಗಿತ್ತು. 1987ರಲ್ಲಿ ದೇಶದ ಕೊನೆಯ ರೆಕಾರ್ಡ್ ಅಚ್ಚು ಕಾರ್ಖಾನೆ ಮುಚ್ಚಿ, ತಟ್ಟೆಗಳನ್ನು ಆಸ್ಟ್ರೇಲಿಯಾದಲ್ಲಿ ಒತ್ತಿಸಿ ತರಬೇಕಾಯಿತು. ಕೆಲವು ನೂರು ಪ್ರತಿಗಳ ರೆಕಾರ್ಡಿಗೆ ಆ ಖರ್ಚು ಹೊಂದುವಂತಿರಲಿಲ್ಲ. ಫ್ಲೈಯಿಂಗ್ ನನ್ ಆಕ್ಲೆಂಡಿಗೆ ಸ್ಥಳಾಂತರವಾಯಿತು, ಆಸ್ಟ್ರೇಲಿಯಾದ ಮಶ್ರೂಮ್ ಕಂಪನಿ ಅದರಲ್ಲಿ ಪಾಲು ಪಡೆಯಿತು, ಮುಂದೆ ಮಾರಾಟ ವಿಲೀನಗಳ ಸರಣಿಯಲ್ಲಿ ಲೇಬಲ್ ವಾರ್ನರ್ ಸಂಸ್ಥೆಯ ಕೈಸೇರಿತು. ಸರ್ಕಾರದ ಅನುದಾನ ಸಂಸ್ಥೆಯಾದ 'ಎನ್‌ಜೆಡ್ ಆನ್ ಏರ್' 1991ರಿಂದ ಸಂಗೀತ ವಿಡಿಯೋಗಳಿಗೆ ತಲಾ ಐದು ಸಾವಿರ ಡಾಲರ್ ಕೊಡತೊಡಗಿತು, ಅಂದರೆ ಮುಂದಿನ ಪೀಳಿಗೆಗೆ ಸಿಕ್ಕ ಆ ನೆರವು ಮೊದಲನೆಯ ಪೀಳಿಗೆಯ ಹಲವು ತಂಡಗಳು ಚದುರಿದ ಮೇಲೆ ಬಂತು.

ಮರಳಿ ಬಂದ ಗಮನಕ್ಕೆ ಕಾರಣರು ಅಭಿಮಾನಿಗಳೇ. 2009ರಲ್ಲಿ ಕ್ರಿಸ್ ನಾಕ್ಸ್ ಪಾರ್ಶ್ವವಾಯುವಿಗೆ ಒಳಗಾಗಿ ಮಾತು ಮತ್ತು ಬಲಗೈಯ ಚಲನೆ ಕುಂದಿದಾಗ, ಆತನ ನೆರವಿಗೆಂದು ನ್ಯೂಜಿಲೆಂಡ್ ಮತ್ತು ಅಮೆರಿಕಗಳ ಸಂಗೀತಗಾರರು ಆತನ ಹಾಡುಗಳನ್ನು ತಾವು ಹಾಡಿ 'ಸ್ಟ್ರೋಕ್' ಎಂಬ ಸಂಕಲನ ತಂದರು. ಏಕಾಂತಪ್ರಿಯನೆನಿಸಿದ್ದ ಅಮೆರಿಕದ ಗಾಯಕ ಜೆಫ್ ಮ್ಯಾಂಗಮ್ ಕೂಡ ಅದರಲ್ಲಿ ಹಾಡಿದ. ಅದೇ ವೇಳೆಗೆ ಶೆಫರ್ಡ್ ಕೆಲವು ಪಾಲುದಾರರೊಂದಿಗೆ ಲೇಬಲನ್ನು ವಾರ್ನರ್‌ನಿಂದ ಮರಳಿ ಕೊಂಡ. ಬ್ರೂಕ್ಲಿನ್‌ನ ಕ್ಯಾಪ್ಚರ್ಡ್ ಟ್ರ್ಯಾಕ್ಸ್ ಲೇಬಲ್ 2013ರಿಂದ ಹಳೆಯ ರೆಕಾರ್ಡುಗಳ ಮರುಮುದ್ರಣಕ್ಕೆ ಕೈಜೋಡಿಸಿತು, 2017ರಲ್ಲಿ ಲುಕ್ ಬ್ಲೂ ಗೋ ಪರ್ಪಲ್‌ನ ಮೂರೂ ಇಪಿಗಳ ಹಾಡುಗಳು ಒಂದೆಡೆ ಸಿಗುವಂತಾದವು, ಮತ್ತು ಲೇಬಲಿನ ಮೂಲ ಟೇಪುಗಳು ವೆಲಿಂಗ್ಟನ್ನಿನ ಅಲೆಕ್ಸಾಂಡರ್ ಟರ್ನ್‌ಬುಲ್ ಗ್ರಂಥಾಲಯದ ರಕ್ಷಣೆಗೆ ಬಂದವು. ಲೇಬಲಿನ ಮೊದಲ ಎಂಟು ವರ್ಷಗಳ ಪ್ರತಿಯೊಂದು ರೆಕಾರ್ಡಿನ ಹಿನ್ನೆಲೆಯನ್ನೂ ಕಲೆಹಾಕಿದ 'ನೀಡಲ್ಸ್ ಅಂಡ್ ಪ್ಲಾಸ್ಟಿಕ್' ಎಂಬ ದಪ್ಪ ಗ್ರಂಥ 2022ರಲ್ಲಿ ಪ್ರಕಟವಾಯಿತು. ಅದನ್ನು ಬರೆದ ಮ್ಯಾಥ್ಯೂ ಗೂಡಿ ಕೆನಡಾದವನು.

ಹ್ಯಾಮಿಷ್ ಕಿಲ್ಗೋರ್ 2022ರ ಡಿಸೆಂಬರಿನಲ್ಲಿ, ಮಾರ್ಟಿನ್ ಫಿಲಿಪ್ಸ್ 2024ರ ಜುಲೈಯಲ್ಲಿ ತೀರಿಕೊಂಡರು. 1980ರ ದಶಕದಲ್ಲಿ ರಚಿಸಿಯೂ ಮುದ್ರಿಸಲಾಗದೆ ಉಳಿದಿದ್ದ ತನ್ನ ಹಾಡುಗಳನ್ನು ಫಿಲಿಪ್ಸ್ ಕೊನೆಯ ದಿನಗಳಲ್ಲಿ ಮತ್ತೆ ಕೈಗೆತ್ತಿಕೊಂಡು ಮುದ್ರಿಸಿದ್ದ. 'ಸ್ಪ್ರಿಂಗ್‌ಬೋರ್ಡ್' ಎಂಬ ಆ ಆಲ್ಬಂ ಆತನ ಮರಣಾನಂತರ, 2025ರಲ್ಲಿ ಹೊರಬಂದಿತು.